ಇಲ್ಲದ ಅಣ್ಣ

ಗೋದಾಮುಗಳ ಸಾಲು ಮುಗಿದು, ಲಾರಿಗಳು ತಿರುಗಿಕೊಳ್ಳುವ ಬಯಲು ಶುರುವಾಗುವ ಕಡೆ ಒಂದು ಶಾಲೆಯಿತ್ತು. ಅವರ ಮನೆಗೆ ಹತ್ತಿರದ ಶಾಲೆ ಅದೇ. ಹಿರಿಯ ಮಗ ಓದಿದ್ದು ಅಲ್ಲೇ. ಓದಿದ್ದು ಎನ್ನುವುದು ಮಾತಿಗೆ. ನಿಜ ಹೇಳಬೇಕೆಂದರೆ ಅವನು ಅಲ್ಲಿ ವರ್ಷಗಟ್ಟಲೆ ಕೂತು ಎದ್ದು ಬಂದಿದ್ದ. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ, ಎಲ್ಲಕ್ಕೂ ಒಬ್ಬರೇ ಮೇಷ್ಟ್ರು, ಆ ಮೇಷ್ಟ್ರನ್ನೂ ಆಗಾಗ ಯಾವುದಾದರೂ ಬೇರೆ ಕೆಲಸಕ್ಕೆ ಎಳೆದೊಯ್ಯುತ್ತಿದ್ದರು. ಹುಡುಗ ಬಸ್ಸಿನ ಹಣೆಯ ಮೇಲಿನ ಬೋರ್ಡನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ ಮುಗಿಸುವ ಹೊತ್ತಿಗೆ ಬಸ್ಸು ಮುಂದಿನ ಸ್ಟಾಪಿಗೆ ಹೋಗಿರುತ್ತಿತ್ತು. ಅಪ್ಪ ಸಿಟಿ ಬಸ್ಸಿನ ಡ್ರೈವರು, ಮಗನಿಗೆ ಬೋರ್ಡು ಓದಲು ಬಾರದು. ಡಿಪೋದಲ್ಲಿ ಯಾರಾದರೂ ಇದನ್ನು ತಮಾಷೆಗೆ ಎತ್ತಿದರೆ ಅಪ್ಪನೂ ಜೊತೆಗೆ ನಗುತ್ತಿದ್ದ. ನಕ್ಕು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

ಹುಡುಗನಿಗೆ ಮಾತ್ರ ಇದರ ಚಿಂತೆಯಿರಲಿಲ್ಲ. ಮೀಸೆ ಮೂಡುವ ಮೊದಲೇ ಬಾಗಿಲಗಲ ಬೆಳೆದು, ಸಗಟು ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊರಲು ಸೇರಿಕೊಂಡ. ಅಲ್ಲಿಯವರು ಅವನನ್ನು ಆನೆ ಎಂದು ಕರೆದರು. ಮನೆಯಲ್ಲೂ ಅದೇ ರೂಢಿಯಾಯಿತು. ಅವನಿಗಿಂತ ಎಷ್ಟೋ ಚಿಕ್ಕವಳಾದ ತಂಗಿಗೆ ಅಳಿಲು ಎಂದು ಹೆಸರಿಟ್ಟವನು ಅವನೇ. ಆ ಹುಡುಗಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಅಣ್ಣ ಮನೆಗೆ ಬಂದರೆ ಸಾಕು, ಬೆನ್ನು ಹತ್ತಿ ಹೆಗಲ ಮೇಲೆ ಕೂತು ಅಲ್ಲಿಂದಲೇ ಮಾತಾಡುತ್ತಿದ್ದಳು.

ಅಳಿಲನ್ನು ಶಾಲೆಗೆ ಸೇರಿಸುವ ವರ್ಷ ಬಂದಾಗ ಅಮ್ಮ ಹಟ ಹಿಡಿದಳು.

"ಇವಳನ್ನೂ ಆ ಲಾರಿ ಬಯಲಿಗೆ ಕಳಿಸೋಕೆ ನನ್ನಿಂದ ಆಗಲ್ಲ ರೀ. ಒಂದು ಕಣ್ಣು ಹೋದದ್ದು ಸಾಕು."

ಅಮ್ಮ ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದಳು. ಮೇಲಿನ ಕೋಣೆಗಳಿಂದ ಇಳಿದು ಬರುವ ಹಾಸಿಗೆ ಬಟ್ಟೆ, ಟವೆಲು, ದಿಂಬಿನ ಚೀಲಗಳು ಯಂತ್ರದಲ್ಲಿ ತೊಳೆದು ಹಿಂಡಿ ಬಂದ ಮೇಲೆ, ಬಿಸಿ ಉರುಳೆಯ ನಡುವೆ ಅವನ್ನು ಹಾಯಿಸಿ ಸುಕ್ಕು ತೆಗೆಯುವುದು ಅವಳ ಪಾಳಿಯ ಕೆಲಸ. ಒಬ್ಬರು ಈಚೆ ತುದಿಯಿಂದ ಬಟ್ಟೆ ಕೊಡಬೇಕು, ಇನ್ನೊಬ್ಬರು ಆಚೆ ಹಿಡಿದು ಮಡಿಸಬೇಕು. ಮಧ್ಯೆ ಕೈಬಿಡುವ ಹಾಗಿಲ್ಲ. ಅವಳ ಮುಂಗೈಗಳ ಮೇಲೆ ಹಳೆಯ ಸುಟ್ಟ ಕಲೆಗಳಿದ್ದವು.

ಅವಳ ಅಕ್ಕ ಇದ್ದದ್ದು ಊರಿನ ಇನ್ನೊಂದು ಮಗ್ಗುಲಲ್ಲಿ, ಮರಗಳಿರುವ ಬೀದಿಯ ಫ್ಲಾಟಿನಲ್ಲಿ. ಭಾವ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಅವರಿಗೆ ಮಕ್ಕಳಿರಲಿಲ್ಲ. ಅವರ ಬೀದಿಯ ಕೊನೆಯಲ್ಲಿ ಒಂದು ಸರ್ಕಾರಿ ಶಾಲೆಯಿತ್ತು. ತರಗತಿಗೊಬ್ಬ ಟೀಚರು, ಪುಸ್ತಕ ತುಂಬಿದ ಕೋಣೆ, ಕಿಟಕಿಗಳಿಗೆ ಗಾಜು. ಆದರೆ ಆ ಶಾಲೆಗೆ ಆ ಬಡಾವಣೆಯಲ್ಲಿ ವಾಸವಿರುವ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಅದೂ ಜಾಗ ಇರುವಷ್ಟು.

ಭಾವ ಮೊದಲು ಒಪ್ಪಲಿಲ್ಲ. "ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಸಿಕ್ಕಿಬೀಳೋದು ನಾನು. ಸಹಿ ನಂದು, ನೌಕರಿ ನಂದು" ಎಂದರು.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ ಅಣ್ಣ" ಎಂದ ಡ್ರೈವರು ತನ್ನ ಷಡ್ಡಕನಿಗೆ. "ನಾವು ಒಂದೇ ಒಂದು ಸುಳ್ಳು ಹೇಳಿ ಒಂದು ಮಗೂನ ಓದಿಸೋಣ. ಲೆಕ್ಕ ನೋಡಿದ್ರೆ ಅಗ್ಗವೇ."

ಅಕ್ಕ ನಕ್ಕಳು. ಅಕ್ಕ ನಕ್ಕ ಮೇಲೆ ಭಾವ ಸಹಿ ಹಾಕಿದರು. ಹೀಗೆ, ಮಗುವಿನ ತಂದೆ ತಾಯಿ ದೂರದ ಊರಿನಲ್ಲಿ ಕೆಲಸದಲ್ಲಿದ್ದಾರೆ, ಮಗು ದೊಡ್ಡಪ್ಪ ದೊಡ್ಡಮ್ಮನ ಮನೆಯಲ್ಲೇ ಬೆಳೆಯುತ್ತಿದೆ ಎಂದು ಶಾಲೆಗೆ ಹೇಳಿದ್ದಾಯಿತು. ಆನೆಯ ವಿಷಯ ಎತ್ತಲಿಲ್ಲ. ಅವನ ಹೆಸರು ಲಾರಿ ಬಯಲಿನ ಶಾಲೆಯಲ್ಲಿ ಅವರ ನಿಜವಾದ ಮನೆಯ ವಿಳಾಸದೊಂದಿಗೆ ಇತ್ತು. ಅಣ್ಣ ಇದ್ದಾನೆ ಎಂದರೆ ಅವನೆಲ್ಲಿ ಎಂಬ ಪ್ರಶ್ನೆ ಬರುತ್ತಿತ್ತು. ಹಾಗಾಗಿ ಒಡಹುಟ್ಟಿದವರು ಯಾರೂ ಇಲ್ಲ ಎಂದರು.

ಮಗುವಿಗೆ ಕಲಿಸುವ ಕೆಲಸ ಅಮ್ಮನ ಪಾಲಿಗೆ ಬಂತು. ಸಂಜೆ ಹೊತ್ತು ಅಳಿಲನ್ನು ಎದುರಿಗೆ ಕೂರಿಸಿಕೊಂಡು ಪಾಠ ಒಪ್ಪಿಸಿಕೊಳ್ಳುವ ಹಾಗೆ ಕೇಳುತ್ತಿದ್ದಳು.

"ಮನೆ ಎಲ್ಲಿ?"

"ಇಲ್ಲೇ ಬೀದಿಯಲ್ಲಿ. ಹಸಿರು ಗೇಟು, ಎರಡನೇ ಮಹಡಿ."

"ಅಪ್ಪ ಅಮ್ಮ?"

"ದೂರದ ಊರಲ್ಲಿದ್ದಾರೆ. ರಜಕ್ಕೆ ಬರ್ತಾರೆ."

"ಅಣ್ಣ ತಮ್ಮ ಇದ್ದಾರಾ?"

ಇಲ್ಲಿ ಮಾತ್ರ ಅಳಿಲು ತಡವರಿಸುತ್ತಿದ್ದಳು. ತಿರುಗಿ ಆನೆಯ ಮುಖ ನೋಡುತ್ತಿದ್ದಳು. ಅವನು ಗೋಡೆಗೆ ಒರಗಿ ಕೂತು ಕಣ್ಣು ಮಿಟುಕಿಸಿ, "ಹೇಳೇ, ನಾನು ಇಲ್ಲ ಅಂತ ಹೇಳು. ಇಷ್ಟು ದೊಡ್ಡೋನು ಇಲ್ಲ ಅಂದ್ರೆ ಯಾರು ನಂಬ್ತಾರೋ ನೋಡೋಣ" ಎನ್ನುತ್ತಿದ್ದ. ಅವಳು ಕಿಲಕಿಲ ನಕ್ಕು "ಇಲ್ಲ" ಎನ್ನುತ್ತಿದ್ದಳು. ಕೆಲವು ವಾರಗಳಲ್ಲಿ ನಗದೆಯೂ ಹೇಳಲು ಕಲಿತಳು.

ಅಳಿಲು ಆ ಶಾಲೆಯಲ್ಲಿ ಹೂವಿನಂತೆ ಅರಳಿದಳು. ಮೊದಲ ವರ್ಷವೇ ಗೋಡೆ ಬರಹ, ಸೋಪಿನ ಹೊದಿಕೆ, ಅಮ್ಮನ ಕೆಲಸದ ಅಂಗಿಯ ಮೇಲಿನ ಹೋಟೆಲಿನ ಹೆಸರು, ಕಂಡದ್ದನ್ನೆಲ್ಲ ಓದಿದಳು. ಅಣ್ಣನಿಗೆ ಕಥೆ ಓದಿ ಹೇಳುತ್ತಿದ್ದಳು. ಆ ಮೂಟೆ ಹೊರುವ ಮೈ ನೆಲದ ಮೇಲೆ ಚಾಚಿಕೊಂಡು, ಬಾಯಿ ತೆರೆದು ಕೇಳುತ್ತಿತ್ತು. ಅದನ್ನು ನೋಡುವಾಗಲೆಲ್ಲ ಅಮ್ಮ ತಾನು ಮಾಡಿದ್ದು ಸರಿ ಎಂದುಕೊಳ್ಳುತ್ತಿದ್ದಳು.

ಬೆಳಿಗ್ಗೆ ಅಪ್ಪ ತಾನು ಓಡಿಸುವ ಬಸ್ಸಿನಲ್ಲೇ ಅವಳನ್ನು ಕರೆದೊಯ್ಯುತ್ತಿದ್ದ. ದೊಡ್ಡಮ್ಮ ಸ್ಟಾಪಿಗೆ ಬಂದು ಇಳಿಸಿಕೊಂಡು ಮನೆಗೆ ಹೋಗಿ, ಅಲ್ಲಿಂದ ಶಾಲೆಗೆ ಬಿಡುತ್ತಿದ್ದಳು, ಮಧ್ಯಾಹ್ನ ಕರೆತರುತ್ತಿದ್ದಳು. ಕೆಲಸ ಬಿಟ್ಟ ಅಮ್ಮ ಸಂಜೆ ಬಂದು ಮಗಳನ್ನು ಕರೆದುಕೊಂಡು ಮನೆಗೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಶಾಲೆಯ ಟೀಚರೊಬ್ಬರು ಅದೇ ಬಸ್ಸು ಹತ್ತಿ, ಅಳಿಲಿನ ಪಕ್ಕದಲ್ಲೇ ಕೂತರಂತೆ. ಇಳಿಯುವ ಜಾಗ ಬಂದಾಗ ಅಪ್ಪ ಎಂದಿನಂತೆ ತಿರುಗಿ ನೋಡಿದ. ಅಳಿಲು ಎದ್ದು ನಿಂತು, "ಡ್ರೈವರ್ ಅಂಕಲ್, ಸ್ವಲ್ಪ ನಿಲ್ಸಿ" ಎಂದಳಂತೆ.

"ಏನು ಚುರುಕು ನೋಡು ನನ್ನ ಮಗಳು!" ಎಂದು ಮನೆಗೆ ಬಂದು ಹೇಳಿದ ಅಪ್ಪ. "ರೆಪ್ಪೆ ಕೂಡ ಅಲುಗಿಸಲಿಲ್ಲ. ಅಂಕಲ್ ಅಂತೆ! ಹೆತ್ತಪ್ಪಂಗೆ!" ನಕ್ಕೂ ನಕ್ಕೂ ಅವನ ಕಣ್ಣಲ್ಲಿ ನೀರು ಬಂತು. ಆದರೆ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಕೈಯಾಡಿಸಿ ಎದ್ದುಹೋದ. ಅಮ್ಮ ಅದನ್ನು ನೋಡಿದಳು.

ಅವಳಿಗೆ ಇನ್ನೊಂದು ಮುಳ್ಳಿತ್ತು. ಅಕ್ಕನ ಕಟ್ಟಡದ ವಾಚ್‌ಮನ್ ಹೆಂಡತಿ ಮಗಳ ಜೊತೆ ನೆಲಮಹಡಿಯಲ್ಲಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ವಾಸವಿದ್ದ. ಆ ಹುಡುಗಿಗೆ ಅಳಿಲಿನದೇ ವಯಸ್ಸು. ಆ ಬಡಾವಣೆಯಲ್ಲೇ ಹುಟ್ಟಿದವಳು. ಆದರೂ ಅವಳಿಗೆ ಆ ಶಾಲೆಯಲ್ಲಿ ಜಾಗ ಸಿಗಲಿಲ್ಲ. ಭರ್ತಿಯಾಗಿದೆ, ಮುಂದಿನ ವರ್ಷ ನೋಡೋಣ ಎಂದರಂತೆ. ಮುಂದಿನ ವರ್ಷವೂ ಅದನ್ನೇ ಎಂದರಂತೆ. ಆ ಹುಡುಗಿ ಬಹಳ ದೂರದ ಇನ್ನೊಂದು ಶಾಲೆಗೆ ನಡೆದು ಹೋಗುತ್ತಿದ್ದಳು, ಹೋದ ದಿನ ಹೋದಳು, ಇಲ್ಲದ ದಿನ ಇಲ್ಲ.

ಮಗು ಬೆಳಿಗ್ಗೆ ಬಂದು ಸಂಜೆ ಹೋಗುವುದು ಗೇಟು ಕಾಯುವವನ ಕಣ್ಣಿಗೆ ಬೀಳದೆ ಇರುತ್ತದೆಯೇ? ಒಂದು ಸಂಜೆ ಅವನೇ ಗೇಟು ತೆರೆಯುತ್ತಾ, "ನಂಗೆಲ್ಲ ಗೊತ್ತಮ್ಮ. ಗಾಬರಿ ಆಗ್ಬೇಡಿ. ನಾನ್ಯಾಕೆ ಬಾಯಿ ಬಿಡ್ಲಿ? ಓದೋ ಮಗು ಓದ್ಲಿ" ಎಂದ. ಅಳಿಲನ್ನು ಕಂಡರೆ ಎದ್ದು ನಿಂತು, "ಏನ್ ಮೇಡಂ, ಇವತ್ತು ಎಷ್ಟು ಪಾಠ ಆಯ್ತು?" ಎಂದು ಸಲ್ಯೂಟು ಹೊಡೆಯುತ್ತಿದ್ದ. ಅವನ ಆ ಒಳ್ಳೆಯತನ ಅಮ್ಮನಿಗೆ ನುಂಗಲಾರದ ತುತ್ತಾಗಿತ್ತು. ಅವನು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ಜಾಗ ಇವನ ಮಗಳದು ಎಂದು ಯಾರು ಹೇಳಬಲ್ಲರು, ಇನ್ಯಾರದೋ ಇರಬಹುದು, ನನ್ನ ಹಾಗೆ ಇನ್ನೆಷ್ಟು ಜನ ಸೇರಿಸಿದ್ದಾರೋ ಎಂದು ತನಗೆ ತಾನೇ ಹೇಳಿಕೊಂಡು, ಅವನ ಮಗಳತ್ತ ನೋಡದೆ ಗೇಟು ದಾಟುತ್ತಿದ್ದಳು.

ಹೀಗೆ ಎರಡು ವರ್ಷ ಕಳೆದು ಅಳಿಲು ಮೂರನೆಯ ತರಗತಿಗೆ ಬಂದಳು. ಆ ವರ್ಷ ಊರಿನಲ್ಲಿ ಮಕ್ಕಳ ಕಳ್ಳರ ಗುಲ್ಲು ಎದ್ದಿತು. ಎಲ್ಲಿ ಯಾರ ಮಗು ಕಳೆದಿತ್ತೋ ಯಾರಿಗೂ ತಿಳಿಯದು. ಫೋನಿನಿಂದ ಫೋನಿಗೆ ಸುದ್ದಿ ಹಾರುತ್ತಿತ್ತು. ಶಾಲೆಯ ಗೇಟಿನಲ್ಲಿ ಗುರುತಿನವರು ಬಾರದೆ ಮಗುವನ್ನು ಬಿಡುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಅಮ್ಮನಿಗೆ ಅಕ್ಕನ ಫೋನು ಬಂತು. ಭಾವನ ಕಣ್ಣು ತೋರಿಸಲು ಬೆಳಿಗ್ಗೆಯೇ ಆಸ್ಪತ್ರೆಗೆ ಹೋದವರು ಇನ್ನೂ ಅಲ್ಲೇ ಇದ್ದರು.

"ಇಲ್ಲಿ ಸಾಲು ಕರಗ್ತಾನೇ ಇಲ್ವೇ. ನಾನು ಶಾಲೆ ಬಿಡೋ ಹೊತ್ತಿಗೆ ಬರೋಕಾಗಲ್ಲ. ಅಳಿಲನ್ನ ನೀನೇ ಏನಾದ್ರೂ ಮಾಡಿ ಕರ್ಕೋ."

ಅಮ್ಮನ ಮುಂದೆ ಬಟ್ಟೆಯ ಬಂಡಿಗಳು ಸಾಲಾಗಿ ನಿಂತಿದ್ದವು. ಮೇಲೆ ಯಾವುದೋ ಸಮ್ಮೇಳನದವರು ಬಂದಿಳಿಯುವವರಿದ್ದರು. ಮೇಲ್ವಿಚಾರಕ ಉಸಿರಾಡಲೂ ಬಿಡುತ್ತಿರಲಿಲ್ಲ. ಗಂಡ ಬಸ್ಸಿನ ಮೇಲಿದ್ದ. ಅವಳು ಮಗನಿಗೆ ಫೋನು ಮಾಡಿದಳು.

"ಗೇಟಿನ ಹತ್ರ ಹೋಗ್ಬೇಡ ಕಣೋ. ಮೂಲೆಯಲ್ಲಿ ಪೆನ್ನು ಪುಸ್ತಕ ಮಾರೋ ಅಂಗಡಿ ಇದೆ, ಅಲ್ಲೇ ನಿಂತ್ಕೋ. ಮಕ್ಕಳ ಗುಂಪಲ್ಲಿ ಅವಳು ನಿನ್ನ ನೋಡಿ ಬರ್ತಾಳೆ. ಕೈ ಹಿಡ್ಕೊಂಡು ಸೀದಾ ಬಸ್ ಸ್ಟಾಪಿಗೆ ಹೋಗು. ಯಾರ ಹತ್ರಾನೂ ಮಾತಾಡ್ಬೇಡ."

"ಆಯ್ತಮ್ಮ, ನಾನೇನು ಮಗುನಾ?" ಎಂದು ಅವನು ನಕ್ಕ.

ಕೆಲಸ ಮುಗಿಸಿದ ಅಮ್ಮ ಮನೆಗೆ ಹೋಗಬೇಕಾದವಳು, ಮಗನ ಫೋನು ಸಿಗದ ಕಾರಣ ಅಕ್ಕನ ಮನೆಯ ಕಡೆಯೇ ಹೊರಟಳು. ಹಸಿರು ಗೇಟಿನಲ್ಲಿ ವಾಚ್‌ಮನ್ ಅವಳನ್ನು ಕಂಡವನೇ ಓಡಿಬಂದ. ಅವನ ಮುಖ ಕೆಂಪಗೆ ಹೊಳೆಯುತ್ತಿತ್ತು.

"ಏನೂ ಹೆದರ್ಕೋಬೇಡಿ ಅಮ್ಮ, ಮಗು ಕ್ಷೇಮ. ಮೇಲೆ ಅಕ್ಕಾವ್ರ ಹತ್ರ ಇದೆ. ದೇವರು ದೊಡ್ಡೋನು."

"ಏನಾಯ್ತು?"

"ಕಳ್ಳ ಬಂದಿದ್ದ ಅಮ್ಮ, ಶಾಲೆ ಗೇಟಿಗೆ! ನಮ್ಮ ಮೇಡಂನ ಕೈ ಹಿಡಿದು ಎಳೀತಿದ್ದ. ಆಯಾ ಕೂಗಿದ್ದು ಇಲ್ಲಿಗೇ ಕೇಳಿಸ್ತು. ನಾನು ಚಪ್ಪಲಿನೂ ಹಾಕ್ದೆ ಓಡ್ದೆ. ಏನು ಆಳು ಅಂತೀರಾ, ಗೂಳಿ ಹಾಗಿದ್ದ, ತಲೆ ತುಂಬಾ ಗೋಣಿ ನಾರು. ಒಂದು ಮಾತಾಡಲಿಲ್ಲ ನನ್ನ ಮಗ. ಜನ ಸರಿಯಾಗಿ ಇಕ್ಕಿದ್ರು. ನಾನೂ ಬಿಡಲಿಲ್ಲಮ್ಮ." ಅವನು ತನ್ನ ಲಾಠಿಯನ್ನು ಎತ್ತಿ ತೋರಿಸಿದ. "ನಿಮ್ಮ ಮಗು ಅಂದ್ರೆ ನಂಗೆ ಬೇರೆನಾ?"

ಅಮ್ಮ ಗೇಟಿನ ಸರಳು ಹಿಡಿದುಕೊಂಡಳು. "ಎಲ್ಲಿದ್ದಾನೆ?" ಎಂದಳು.

"ಪೊಲೀಸ್ನೋರು ಎತ್ತಾಕ್ಕೊಂಡು ಹೋದ್ರು. ಕೂತ್ಕೊಳ್ಳಿ ಅಮ್ಮ, ನೀರು ತರ್ತೀನಿ, ಮುಖ ಯಾಕೋ ಒಂಥರಾ..."

ಅವಳು ಮೆಟ್ಟಿಲು ಹತ್ತಿದಳು. ಹೇಗೆ ಹತ್ತಿದಳೋ ಅವಳಿಗೆ ಗೊತ್ತಿಲ್ಲ.

ಗೇಟಿನಲ್ಲಿ ನಡೆದದ್ದು ಅವಳಿಗೆ ಆಮೇಲೆ ಒಬ್ಬೊಬ್ಬರಿಂದ ತುಣುಕು ತುಣುಕಾಗಿ ತಿಳಿಯಿತು. ಆನೆ ಹೇಳಿದ ಕಡೆಯೇ ನಿಂತಿದ್ದ. ಹೆಚ್ಚಿನ ಮಕ್ಕಳು ಹೋದರು, ದೊಡ್ಡಮ್ಮ ಬಾರದೆ ಗೇಟು ದಾಟಬಾರದೆಂದು ಕಲಿತಿದ್ದ ಅಳಿಲು ಆಯಾ ಪಕ್ಕದಲ್ಲಿ ಒಂಟಿಯಾಗಿ ನಿಂತಿದ್ದಳು. ಅವನು ಕೈಬೀಸಿದ. ಅವಳು ನೋಡಿದಳು, ಅಲುಗಲಿಲ್ಲ. ಅವಳ ಮುಖ ಸಪ್ಪಗಿದ್ದದ್ದು ಕಂಡು ಅವನಿಗೆ ತಡೆಯಲಾಗಲಿಲ್ಲವೇನೋ, ಗೇಟಿಗೆ ಹೋಗಿ "ಅಳಿಲೂ, ಬಾರೇ ಹೋಗೋಣ" ಎಂದು ಕೈ ಹಿಡಿದ.

"ಯಾರು ನೀನು?" ಎಂದಳು ಆಯಾ. ಮಗುವಿನತ್ತ ಬಗ್ಗಿ, "ಇವನು ಯಾರಮ್ಮ? ನಿಂಗೆ ಗೊತ್ತಾ?" ಎಂದು ಕೇಳಿದಳು.

ಅಳಿಲು ಅಣ್ಣನ ಮುಖ ನೋಡಿದಳು. "ಗೊತ್ತಿಲ್ಲ" ಎಂದಳು.

ಮಕ್ಕಳನ್ನು ಕರೆದೊಯ್ಯಲು ಬಂದ ಕೆಲವರು ಇನ್ನೂ ಅಲ್ಲೇ ಇದ್ದರು. ಒಬ್ಬ ಅವನ ಅಂಗಿ ಹಿಡಿದ. ಆಗಲೂ ಒಂದು ಮಾತು ಸಾಕಿತ್ತು. ನಾನು ಇವಳ ಅಣ್ಣ ಎಂದಿದ್ದರೆ, ಮನೆಗೆ ಫೋನು ಮಾಡಿ ಎಂದಿದ್ದರೆ. ಆನೆ ತಂಗಿಯ ಕೈ ಬಿಟ್ಟು, "ತಪ್ಪಾಯ್ತು. ಬೇರೆ ಮಗು ಅಂದ್ಕೊಂಡೆ" ಎಂದನಂತೆ. ಮೊದಲ ಏಟು ಬಿದ್ದದ್ದು ಅದಕ್ಕೆ. ಆಮೇಲೆ ಅವನು ತಲೆಯ ಮೇಲೆ ಕೈಯಿಟ್ಟುಕೊಂಡು ಕುಳಿತುಬಿಟ್ಟ. ಮೂಟೆಗಳನ್ನು ಹೂವಿನಂತೆ ಎತ್ತುವವನು ಒಬ್ಬರ ಮೇಲೂ ಕೈಯೆತ್ತಲಿಲ್ಲ.

ಅಕ್ಕನ ಮನೆಯಲ್ಲಿ ಅಳಿಲು ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಳು. ಶಾಲೆಯಿಂದ ಸುದ್ದಿ ಬಂದು ಅಕ್ಕ ಭಾವ ಆಸ್ಪತ್ರೆಯಿಂದ ಓಡಿಬಂದಿದ್ದರು. ಅಮ್ಮನನ್ನು ಕಂಡ ಕೂಡಲೇ ಮಗು ಹೇಳಿತು:

"ಅಣ್ಣನ್ನ ತುಂಬಾ ಹೊಡೆದ್ರಮ್ಮ. ರಕ್ತ ಬಂತು. ನಾನು ಹೇಳಲಿಲ್ಲ. ನೀನು ಹೇಳಿಕೊಟ್ಟ ಹಾಗೇ ಮಾಡ್ದೆ."

ಹೇಳಿ ಅಮ್ಮನ ಮುಖವನ್ನೇ ನೋಡುತ್ತಾ ಕೂತಳು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ತಿಳಿಯಲು ಕಾಯುತ್ತಿದ್ದಳು. ಅಮ್ಮ ಅವಳ ತಲೆ ಸವರಲೂ ಆಗದೆ, ಬೈಯಲೂ ಆಗದೆ ನಿಂತಳು.

"ನಾನು ಸ್ಟೇಷನ್ನಿಗೆ ಹೋಗ್ತೀನಿ" ಎಂದಳು.

"ಒಂದು ನಿಮಿಷ ಕೂತ್ಕೋಮ್ಮ" ಎಂದರು ಭಾವ. ಕಣ್ಣಿಗೆ ಹಾಕಿದ ಔಷಧಿಯಿಂದ ಅವರ ಕಣ್ಣುಗಳು ಅಗಲವಾಗಿ, ಒದ್ದೆಯಾಗಿದ್ದವು. "ನೀನು ಹೋಗಿ ಅವನು ಅವಳ ಅಣ್ಣ ಅಂದ್ರೆ ಎಲ್ಲಾ ಹೊರಗೆ ಬರುತ್ತೆ. ಶಾಲೆ ಹೋಗುತ್ತೆ, ನನ್ನ ಕೆಲಸಾನೂ ಹೋಗ್ಬಹುದು. ಆ ಸ್ಟೇಷನ್ನಲ್ಲಿ ನನ್ನ ಪರಿಚಯದೋನೊಬ್ಬ ಇದ್ದಾನೆ. ಏನೋ ಗುರುತು ತಪ್ಪಿದ ಹುಡುಗ ಅಂತ ಹೇಳಿ ಬಿಡಿಸೋಣ. ಫೋನ್ ಮಾಡಿದ್ದೀನಿ, ತೆಗೀತಿಲ್ಲ. ಸ್ವಲ್ಪ ತಾಳು."

ಅವಳು ಕೂತಳು. ಇದನ್ನೇ ಅವಳು ತನ್ನ ಜೀವಮಾನದಲ್ಲಿ ಮರೆಯಲಾಗದೆ ಹೋದದ್ದು. ಯಾರೂ ಅವಳ ಕೈಕಾಲು ಕಟ್ಟಿರಲಿಲ್ಲ. ಅಕ್ಕ ಕೊಟ್ಟ ನೀರು ಕುಡಿದಳು. ಭಾವ ಮತ್ತೆ ಮತ್ತೆ ಫೋನು ಒತ್ತುತ್ತಿದ್ದರು. ಅಡಕತ್ತರಿಯಲ್ಲಿ ಸಿಕ್ಕವಳಂತೆ ಅವಳು ಒಂದು ಕಡೆ ಮಗಳ ಚೀಲವನ್ನೂ ಇನ್ನೊಂದು ಕಡೆ ಬಾಗಿಲನ್ನೂ ನೋಡಿದಳು. ಆನೆ ಗಟ್ಟಿಮುಟ್ಟು, ನಾಲ್ಕು ಏಟಿಗೆ ಏನಾಗುತ್ತದೆ ಎಂದು ಒಂದು ಗಳಿಗೆ ಅವಳ ಮನಸ್ಸು ಹೇಳಿತು. ಅವಳು ಅದನ್ನು ಕೇಳಿಸಿಕೊಂಡಳು. ಕಿಟಕಿಯ ಆಚೆ ಬೀದಿದೀಪಗಳು ಹತ್ತಿಕೊಂಡವು.

ಅಕ್ಕ ಫೋನು ಮಾಡಿದ್ದರಿಂದ, ಪಾಳಿ ಮುಗಿಸಿದ ಡ್ರೈವರು ಖಾಕಿ ಬಟ್ಟೆಯಲ್ಲೇ ಬಂದ. ಬಾಗಿಲಲ್ಲೇ ನಿಂತು ಎಲ್ಲ ಕೇಳಿದ. ಭಾವ ಪರಿಚಯದವನ ಮಾತೆತ್ತಿದಾಗ ಕೈ ಅಡ್ಡ ಹಿಡಿದ.

"ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ ಅಣ್ಣ. ಆದ್ರೆ ಅವನು ನನ್ನ ಮಗ." ಹೆಂಡತಿಯ ಕಡೆ ತಿರುಗಿ, "ನೀನು ಬಂದು ಎಷ್ಟು ಹೊತ್ತಾಯ್ತು?" ಎಂದ.

ಅವಳು ಎದ್ದು ಚಪ್ಪಲಿ ಮೆಟ್ಟಿದಳು. ಅವನು ಮತ್ತೆ ಕೇಳಲಿಲ್ಲ. ಅಂದಿನಿಂದ ಇಂದಿನವರೆಗೂ ಕೇಳಿಲ್ಲ.

ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರು ದಣಿದ ಮನುಷ್ಯ. ಗದರಲಿಲ್ಲ.

"ಮಗೂಗೆ ಅಣ್ಣ ತಮ್ಮ ಯಾರೂ ಇಲ್ಲ, ಅಪ್ಪ ಅಮ್ಮ ದೂರದೂರಲ್ಲಿದ್ದಾರೆ ಅಂತ ಶಾಲೆಯವರು ಹೇಳ್ತಾರೆ. ಮಗುನೂ ಇವನು ಗೊತ್ತಿಲ್ಲ ಅಂದಿದೆ. ಇವನೂ ಮಗು ಗೊತ್ತಿಲ್ಲ ಅಂತಾನೆ. ಈಗ ನೀವಿಬ್ರು ಬಂದು ಅಪ್ಪ ಅಮ್ಮ ಅಂತೀರಿ. ನನ್ನ ಜಾಗದಲ್ಲಿ ನೀವಿದ್ರೆ ಏನು ಮಾಡ್ತಿದ್ರಿ?"

"ಅದೆಲ್ಲಾ ನಾವೇ ಹೇಳಿದ್ದ ಸುಳ್ಳು ಸಾರ್" ಎಂದ ಅಪ್ಪ.

"ಅದು ಸುಳ್ಳೋ, ಇದು ಸುಳ್ಳೋ?"

ಕಟ್ಟಿದ ಗೋಡೆ ಅಷ್ಟು ಗಟ್ಟಿಯಾಗಿತ್ತು. ಕಟ್ಟಿದವರೇ ಈಗ ಹೊರಗೆ ನಿಂತು ತಲೆ ಚಚ್ಚಿಕೊಳ್ಳಬೇಕಾಯಿತು. ಕೊನೆಗೆ ಮಗುವನ್ನು ಕರೆತನ್ನಿ ಎಂದರು. ಅಪ್ಪ ಹೋಗಿ ಅಳಿಲನ್ನು ಕರೆತಂದ.

ಒಳಗಿನ ಕೋಣೆಯಲ್ಲಿ ಆನೆ ಬೆಂಚಿನ ಮೇಲೆ ಒಂದು ಮಗ್ಗುಲಿಗೆ ವಾಲಿ ಕೂತಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು. ಎಡಗಿವಿಯಿಂದ ಇಳಿದ ರಕ್ತ ಕುತ್ತಿಗೆಯ ಮೇಲೆ ಒಣಗಿತ್ತು. ಅಮ್ಮನನ್ನು ಕಂಡು ಏಳಲು ಹೋಗಿ, ತಲೆ ತಿರುಗಿ ಮತ್ತೆ ಕೂತ. "ನಾನೇನೂ ಬಾಯಿ ಬಿಟ್ಟಿಲ್ಲಮ್ಮ" ಎಂದ ಮೆಲ್ಲಗೆ.

ಇನ್‌ಸ್ಪೆಕ್ಟರು ಮಂಡಿಯೂರಿ ಕೂತು, ಬೆಂಚಿನತ್ತ ಕೈ ತೋರಿಸಿ ಅಳಿಲನ್ನು ಕೇಳಿದರು. "ಪುಟ್ಟಾ, ಇವರು ಯಾರು?"

ಅಳಿಲು ಅಮ್ಮನತ್ತ ತಿರುಗಿದಳು. "ಹೇಳ್ಲಾ?" ಎಂದು ಕೇಳಿದಳು.

ಅಮ್ಮ ತಲೆಯಾಡಿಸಿದಳು. ಮಗುವಿಗೆ ಅದು ಸಾಲಲಿಲ್ಲ. ಇನ್ನೂ ಕಾಯುತ್ತಲೇ ಇದ್ದಳು.

"ಹೇಳು ಕಂದ. ಹೇಳು."

"ಅಣ್ಣ" ಎಂದಳು ಅಳಿಲು.

ಇನ್‌ಸ್ಪೆಕ್ಟರು ಎದ್ದು ನಿಂತರು. ಆಮೇಲೆ ಆಸ್ಪತ್ರೆಗೆ ಕರೆದೊಯ್ಯಲು ತಮ್ಮ ಜೀಪನ್ನೇ ಕೊಟ್ಟರು.

ತಲೆಬುರುಡೆಯಲ್ಲಿ ಕಿವಿಯ ಹಿಂದೆ ಬಿರುಕು ಬಿಟ್ಟಿತ್ತು. ಜೀವಕ್ಕೆ ಅಪಾಯವಿಲ್ಲ, ಆದರೆ ಆ ಕಿವಿ ಕೇಳಿಸುವುದಿಲ್ಲ ಎಂದರು ಡಾಕ್ಟರು. ಬೇಗ ತಂದಿದ್ದರೆ ಉಳಿಯುತ್ತಿತ್ತೇ ಎಂದು ಅಮ್ಮ ಕೇಳಿದಳು. "ಉಳೀತಿತ್ತೋ ಏನೋ, ಹೇಳೋಕಾಗಲ್ಲ" ಎಂದರು. ಇಲ್ಲ ಎಂದು ಖಂಡಿತ ಹೇಳಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

ಹೊಡೆದವರ ಮೇಲೆ ದೂರು ಕೊಡುತ್ತೀರಾ ಎಂದು ಪೊಲೀಸರು ಕೇಳಿದರು. ಅಪ್ಪ ಬೇಡವೆಂದ. ಯಾರ ಮೇಲೆ ಕೊಡುವುದು? ಅವರೆಲ್ಲ ತನ್ನ ಮಗಳನ್ನು ಉಳಿಸಲೆಂದೇ ಹೊಡೆದವರು. ವಾಚ್‌ಮನ್ ಒಂದು ದಿನ ಆಸ್ಪತ್ರೆಯ ವಾರ್ಡಿನ ಬಾಗಿಲವರೆಗೂ ಬಂದ. ಒಳಗೆ ಬರಲಿಲ್ಲ. ಅಮ್ಮ ಹೊರಗೆ ಹೋದಾಗ ಅವನು ಗೋಡೆ ಕಡೆ ತಿರುಗಿ ಹೆಣ್ಣುಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಒಂದು ಮಾತು ನಂಗೆ ಮೊದಲೇ ಹೇಳಿದ್ರೆ ಅಮ್ಮ. ಎಲ್ಲಾ ಗೊತ್ತು ಅಂದಿದ್ದೆನಲ್ಲ. ಮಗ ಇದ್ದಾನೆ ಅಂತ ಒಂದು ಮಾತು..."

ನಿನ್ನ ಮಗಳ ಜಾಗ ನಾನು ಕಸಿದುಕೊಂಡೆ ಎಂದು ಹೇಳಲು ಅವಳು ಬಾಯಿ ತೆರೆದಳು. ಆಗಲಿಲ್ಲ. ಅವನ ಕೈ ಹಿಡಿದುಕೊಂಡು ನಿಂತಳು. ಲಾಠಿ ಬೀಸಿದ್ದು ಆ ಕೈಯೇ ಎಂಬುದು ಆಮೇಲೆ ನೆನಪಾಗಿ ಬಿಟ್ಟುಬಿಟ್ಟಳು.

ಶಾಲೆಯ ಹೆಡ್‌ಮಿಸ್ ಗಂಡ ಹೆಂಡತಿಯನ್ನು ಕರೆಸಿದರು. ಅವರ ಕೋಣೆಯಲ್ಲಿ ಕುರ್ಚಿ ಕೊಟ್ಟು ಕೂರಿಸಿದರು.

"ನಿಮ್ಮ ಮಗಳು ಚೆನ್ನಾಗಿ ಓದ್ತಾಳೆ. ಅವಳನ್ನ ಕಳಿಸೋಕೆ ನಂಗೂ ಸಂತೋಷ ಇಲ್ಲ. ಆದ್ರೆ ಹೊರಗೆ ಕಾಯ್ತಿರೋ ಮಕ್ಕಳ ಅಪ್ಪ ಅಮ್ಮಂಗೆ ನಾನು ಏನು ಉತ್ತರ ಕೊಡ್ಲಿ, ನೀವೇ ಹೇಳಿ."

"ನಮ್ಮ ಕಡೆ ಶಾಲೆ ಹೇಗಿದೆ ಅಂತ ಒಂದ್ಸಲ ಬಂದು ನೋಡಿದ್ದೀರಾ ಮೇಡಂ?" ಎಂದಳು ಅಮ್ಮ. ಜಗಳಕ್ಕೆ ಕೇಳಿದ್ದಲ್ಲ.

"ಇಲ್ಲ" ಎಂದರು ಹೆಡ್‌ಮಿಸ್. "ಅದು ಅನ್ಯಾಯವೇ. ನಾನು ಅಲ್ಲ ಅನ್ನಲ್ಲ." ಅಷ್ಟು ಹೇಳಿ ವರ್ಗಾವಣೆ ಪತ್ರಕ್ಕೆ ಸಹಿ ಹಾಕಿದರು. ಅಳಿಲಿನ ಜಾಗ ಯಾರಿಗೆ ಸಿಕ್ಕಿತೋ ಅಮ್ಮ ವಿಚಾರಿಸಲಿಲ್ಲ. ಆ ಬೀದಿಗೆ ಮತ್ತೆ ಕಾಲಿಡಲೇ ಇಲ್ಲ. ಭಾವನ ಮೇಲೆ ಕಚೇರಿಯಲ್ಲಿ ವಿಚಾರಣೆ ಶುರುವಾಯಿತು. ಅಕ್ಕ ಫೋನು ಮಾಡುವುದನ್ನು ನಿಲ್ಲಿಸಿದಳು.

ಅಳಿಲನ್ನು ಲಾರಿ ಬಯಲಿನ ಶಾಲೆಗೆ ಸೇರಿಸಲು ಅಮ್ಮನೇ ಕರೆದುಕೊಂಡು ಹೋದಳು. ಆನೆಗೆ ಕಲಿಸಿದ್ದ ಮೇಷ್ಟ್ರೇ ಇನ್ನೂ ಇದ್ದರು, ತಲೆ ಪೂರ್ತಿ ನರೆತಿತ್ತು. ಮಕ್ಕಳ ಗದ್ದಲದ ನಡುವೆ ಬಗ್ಗಿ, "ನಿಮ್ಮ ಮನೆ ಎಲ್ಲಮ್ಮಾ?" ಎಂದು ಕೇಳಿದರು.

ಅಳಿಲು ಅಮ್ಮನನ್ನು ನೋಡಿದಳು.

"ಹೇಳು" ಎಂದಳು ಅಮ್ಮ.

"ಯಾವುದು ಹೇಳ್ಲಿ?" ಎಂದಳು ಅಳಿಲು.

ಮೇಷ್ಟ್ರು ಅರ್ಥವಾಗದೆ ನಕ್ಕರು. ಅಮ್ಮನೇ ಹೇಳಿದಳು.

ಈಗ ಆ ಹುಡುಗಿ ಏನು ಕೇಳಿದರೂ ಅಷ್ಟೆ. ಊಟ ಆಯ್ತಾ ಎಂದು ಪಕ್ಕದ ಮನೆಯವರು ಕೇಳಿದರೂ ಮೊದಲು ಅಮ್ಮನ ಮುಖ ನೋಡುತ್ತಾಳೆ. ಅಣ್ಣನ ಹತ್ತಿರ ಹೋಗುವುದಿಲ್ಲ. ಅವನು ಕರೆದರೆ ಬರುತ್ತಾಳೆ, ಹೇಳಿದ ಕಡೆ ಕೂರುತ್ತಾಳೆ, ಅವನು ಬಿಟ್ಟ ಕೂಡಲೇ ಎದ್ದು ಹೋಗುತ್ತಾಳೆ. ಕಥೆ ಓದು ಎಂದು ಅವನು ಒಮ್ಮೆ ಪುಸ್ತಕ ತಂದುಕೊಟ್ಟ. ಅವಳು ಒಂದೇ ದನಿಯಲ್ಲಿ ಕೊನೆಯವರೆಗೂ ಓದಿ, ಮುಚ್ಚಿ, ಅವನ ಕೈಗೆ ಕೊಟ್ಟಳು.

ಆನೆ ಮಾರುಕಟ್ಟೆಗೆ ಮರಳಿದ. ಮೂಟೆ ಹೊತ್ತು ನಡೆಯುವಾಗ ಆಯ ತಪ್ಪುತ್ತದೆ, ಎಡಗಡೆಯಿಂದ ಬರುವ ಗಾಡಿಯ ಸದ್ದು ತಿಳಿಯುವುದಿಲ್ಲ. ಹಾಗಾಗಿ ಅವನಿಗೆ ಈಗ ಕೂತು ಈರುಳ್ಳಿ ಆರಿಸುವ ಕೆಲಸ ಕೊಟ್ಟಿದ್ದಾರೆ. ಅವನು ಯಾರನ್ನೂ ದೂರಲಿಲ್ಲ. ಅಪ್ಪನ ಮೇಲೆ, ತಂಗಿಯ ಮೇಲೆ, ಆ ಜನರ ಮೇಲೆ ಕೂಡ ಒಂದು ಮಾತಾಡಲಿಲ್ಲ. ಅಮ್ಮನಿಗೆ ಅದನ್ನೇ ತಾಳಲಾಗುತ್ತಿರಲಿಲ್ಲ.

ಒಂದು ಸಂಜೆ ಅವನು ಹೊಸ್ತಿಲ ಮೇಲೆ ಕೂತು ಕೈಯ ಮಣ್ಣು ತೊಳೆದುಕೊಳ್ಳುತ್ತಿದ್ದ. ಅಮ್ಮ ಬಂದು ಪಕ್ಕದಲ್ಲಿ ಕೂತಳು. ಎಷ್ಟೋ ದಿನದಿಂದ ಒಳಗೇ ಕುದಿಯುತ್ತಿದ್ದದ್ದನ್ನು ಅಂದು ಹೇಳಿಯೇ ಬಿಡುವುದೆಂದು ನಿರ್ಧರಿಸಿದ್ದಳು.

"ಅವತ್ತು ನಂಗೆ ಗೊತ್ತಾದ ಮೇಲೂ ನಾನು ಬರಲಿಲ್ಲ ಕಣೋ" ಎಂದಳು. "ಅಕ್ಕನ ಮನೇಲಿ ಕೂತಿದ್ದೆ. ನಿಮ್ಮಪ್ಪ ಬರೋವರೆಗೂ ಕೂತೇ ಇದ್ದೆ."

ಅವನು ನೀರಿನ ಚೆಂಬು ಕೆಳಗಿಟ್ಟು, ತಲೆ ಪೂರ್ತಿ ತಿರುಗಿಸಿ ಬಲಗಿವಿ ಅವಳತ್ತ ಒಡ್ಡಿದ.

"ಏನಂದೆಮ್ಮ?"

ಅವಳು ಅವನ ಎಡಕ್ಕೆ ಕೂತಿದ್ದಳು.

"ಏನಿಲ್ಲ" ಎಂದಳು. "ಏಳು, ಊಟ ಆರಿಹೋಗುತ್ತೆ."